ಗ್ರೀಸ್ ಕೇಳಿದ್ದೇ ತಪ್ಪಾಯಿತೇ?

ಹೊಚ್ಚಹೊಸ ನಟ್ಟನ್ನು ಗರಗಸ ಹಾಕಿ ಕುಯ್ಯುವುದನ್ನು ಯಾವತ್ತಾದರೂ ನೋಡಿದ್ದೀರಾ? ಹೋದ ಭಾನುವಾರ ಸಿಕಂದರಾಬಾದಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯ ಮೇಲೆ ನಾನು ನೋಡಿದೆ. ನೋಡಿದ ಮೇಲೆ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ನಮ್ಮಲ್ಲಿ ಮನೆಗೊಬ್ಬ ಸಾಫ್ಟ್‌ವೇರಿನವನು. ಎಲ್ಲರಿಗೂ ಮನೆಯಲ್ಲೇ ಇಂಟರ್‌ನೆಟ್ ಬೇಕು. ಸರಿ, ಮೂರೂ ಬ್ಲಾಕಿನ ತಾರಸಿಗೆ ಒಂದೊಂದು ಆಂಟೆನಾ ಹಾಕಿಸುವುದೆಂದಾಯಿತು. ಉಸ್ತುವಾರಿ ನಮ್ಮ ಪಕ್ಕದ ಮನೆಯ, ಮೈಸೂರಿನ ಪ್ರಶಾಂತನದು (ಇಂಜಿನಿಯರ್ ಅಲ್ಲವೇ ಮತ್ತೆ!). ಸಾಮಾನು ತರುವುದು ನನ್ನ ಪಾಲಿಗೆ ಬಂತು. ಹಳೆಯ ಟಿವಿ ಆಂಟೆನಾದ ಕಬ್ಬಿಣದ ಬೋಲ್ಟುಗಳು ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದಿದ್ದವು. ಅದಕ್ಕೇ ಬೇಗಂ ಬಜಾರೆಲ್ಲ ಸುತ್ತಿ ಸ್ಟೇನ್‌ಲೆಸ್ ಸ್ಟೀಲಿನ ನಟ್ಟು-ಬೋಲ್ಟುಗಳನ್ನೇ ಆರಿಸಿ ತಂದೆ.

ಫಿಟ್ಟರ್ ಭೀಮಣ್ಣ ರಾಯಚೂರಿನ ಕಡೆಯವರು. ಮೂರೂ ಬ್ಲಾಕಿನ ಕೆಲಸ ಅವರಿಗೇ ಎಂದು ಮಾತಾಗಿತ್ತು. ಅದನ್ನು ನಂಬಿ ಬೇರೆ ಕೆಲಸ ಬಿಟ್ಟು ಬಂದಿದ್ದರು.

ಬೋಲ್ಟನ್ನು ಕೈಯಲ್ಲಿ ಹಿಡಿದವರೇ, “ಸರ, ಚೂರು ಗ್ರೀಸ್ ಇದ್ರ ಕೊಡ್ರಿ” ಎಂದರು.

“ಸ್ಟೇನ್‌ಲೆಸ್ ಇದು, ತುಕ್ಕೇ ಹಿಡಿಯಲ್ಲ. ಗ್ರೀಸ್ ಯಾಕೆ? ಧೂಳು ಕೂರುತ್ತೆ ಅಷ್ಟೆ” ಎಂದ ಪ್ರಶಾಂತ.

“ತುಕ್ಕಿನ ಮಾತಲ್ರಿ. ಸ್ಟೀಲಿಗೆ ಸ್ಟೀಲು ಒಣಾದು ತಿರುವಿದ್ರ ಕಚ್ಚಿ ಕುಂದರತೈತ್ರಿ.”

ಪ್ರಶಾಂತ ನಕ್ಕ. ನಾನೂ ಬೇಡವೆಂದು ತಲೆಯಾಡಿಸಿದೆ. ಆರಿಸಿ ತಂದವನು ನಾನಲ್ಲವೇ, ನನ್ನ ಬೋಲ್ಟಿಗೇ ಕೊಂಕೇ?

ಸ್ಪ್ಯಾನರ್ ನಾಲ್ಕು ಸುತ್ತು ತಿರುಗಿತು. ನಟ್ಟು ಕಿರ್ರೆಂದು ನಿಂತೇಬಿಟ್ಟಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ಆಂಟೆನಾ ಅರ್ಧಕ್ಕೇ ವಾಲಿಕೊಂಡಿದೆ. “ಜೋರಾಗಿ ತಿರುಗಿಸ್ರೀ!” ಎಂದು ಪ್ರಶಾಂತ ಕೂಗಿದ. “ಮುರೀತೈತ್ರಿ ಸರ” ಎಂದು ಭೀಮಣ್ಣ ಗರಗಸ ತೆಗೆದರು. ಸುಡು ಬಿಸಿಲಲ್ಲಿ ಏಣಿಯ ಮೇಲೆ ಒಂಟಿ ಕಾಲಲ್ಲಿ ನಿಂತು ಒಂದು ಗಂಟೆ ಕುಯ್ದರು. ಆಮೇಲೆ ತಾವೇ ಕೆಳಗಿನ ಸ್ಕೂಟರ್ ಶಾಪಿಗೆ ಹೋಗಿ ಬೆರಳ ತುದಿಯಷ್ಟು ಗ್ರೀಸ್ ತಂದರು. ಮಿಕ್ಕ ಬೋಲ್ಟುಗಳ ತಿರುಪಿನ ಗೀರುಗಳಿಗೆ ತೆಳ್ಳಗೆ ಸವರಿ, ಮೊದಲು ಬೆರಳಲ್ಲಿ, ಆಮೇಲೆ ಸ್ಪ್ಯಾನರಿನಲ್ಲಿ ನಿಧಾನಕ್ಕೆ ಬಿಗಿದರು. ಒಂದೂ ಕಚ್ಚಲಿಲ್ಲ. ಸಂಜೆಗೆ ನೆಟ್ ಬಂತು, ಎಲ್ಲರೂ ಪ್ರಶಾಂತನ ಕೈ ಕುಲುಕಿದರು.

ಸೋಮವಾರ ಎಲ್ಲ ಮನೆಗಳಿಗೂ ಪ್ರಶಾಂತನ ಮೇಲ್ ಬಂತು. ಫಿಟ್ಟರ್ ಒರಟು, ನಟ್ಟು-ಬೋಲ್ಟು ಹಾಳು ಮಾಡಿದ, ಉಳಿದೆರಡು ಬ್ಲಾಕಿಗೆ ಬೇರೆ ಜನ ನೋಡೋಣ ಅಂತ! ಕೆಳಗೆ ನಾಲ್ಕಾರು ಜನರ “ಓಕೆ” ಬೇರೆ.

ಮೈಯೆಲ್ಲ ಉರಿದುಹೋಯಿತು. ಅಲ್ಲ ಸ್ವಾಮಿ, ಕಂಪ್ಯೂಟರಿನ ಮುಂದೆ ಕೂತು ಕಲಿತದ್ದು ಮಾತ್ರ ವಿದ್ಯೆಯೇ? ಏಣಿಯ ಮೇಲೆ ನಿಂತು ಕಲಿತದ್ದು ಕೂಲಿಯೇ? ಮುಂಚೆಯೇ ಎಚ್ಚರಿಸಿದ ಮನುಷ್ಯನ ಅನ್ನಕ್ಕೇ ಕಲ್ಲು ಹಾಕುವುದೇ? ಭೀಮಣ್ಣನವರಿಗೆ ಆ ಮೇಲ್ ಹೋಗಿಲ್ಲ, ಅವರು ಉತ್ತರ ಕೊಡುವ ಹಾಗೂ ಇಲ್ಲ. (ತಲೆಯಾಡಿಸಿದ ನನಗಂತೂ ನಾಚಿಕೆಯಾಗಬೇಕು. ಆಗಿದೆ.)

ಕೂತು ಎಲ್ಲರಿಗೂ ಉತ್ತರ ಬರೆದೆ: “ಗ್ರೀಸ್ ಕೇಳಿದವರು ಭೀಮಣ್ಣ, ಬೇಡ ಎಂದವರು ಪ್ರಶಾಂತ ಮತ್ತು ನಾನು. ಈಗ ಹೇಳಿ, ಮುಂದಿನ ಬ್ಲಾಕಿಗೆ ಯಾರನ್ನು ಕರೆಯಬಾರದು?”