ಎತ್ತದೆ ಹೋದ ಬಾವುಟ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಒಮ್ಮೆ ಕಣ್ಣಿನ ಪೊರೆ ತೆಗೆಸಿದ ನೆಪ, ಇನ್ನೊಮ್ಮೆ ಯಾರದೋ ಮದುವೆಯ ನೆಪ. ಮೊನ್ನೆ ಪಿಂಚಣಿಯ ಕಾಗದಕ್ಕೆಂದು ವಿದ್ಯಾನಗರದಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಮೈದಾನದಲ್ಲಿ ಯಾರೋ ಗೆರೆ ಎಳೆಯಲು ಸುಣ್ಣದ ಹುಡಿ ಸುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿಯಿತು. ಕಾಲು ಕಚೇರಿಯ ದಾರಿ ಬಿಟ್ಟು ಅತ್ತ ತಿರುಗಿತು.

ನಾನು ಹತ್ತನೇ ತರಗತಿ ಮುಗಿಸಿ ಸರಕಾರಿ ಕಚೇರಿಯಲ್ಲಿ ಅಟೆಂಡರ್ ಆದವನು. ಹರೆಯದಲ್ಲಿ ಸ್ವಲ್ಪ ಫುಟ್ಬಾಲ್ ಆಡಿದ್ದೆ. ಆಡಿದ್ದೆ ಎನ್ನುವುದಕ್ಕಿಂತ ಆಡುವವರ ಚಪ್ಪಲಿ ಕಾದಿದ್ದೆ ಎಂದರೆ ಸತ್ಯಕ್ಕೆ ಹತ್ತಿರ. ಆ ಸಲುಗೆಯಲ್ಲಿ ರಜೆಯ ಪಂದ್ಯಗಳಿಗೆ ನನ್ನನ್ನು ಲೈನ್ಸ್‌ಮನ್ ಮಾಡುತ್ತಿದ್ದರು. ಶಿಳ್ಳೆ ಕೊಡುವಷ್ಟು ನಂಬಿಕೆ ಯಾರಿಗೂ ಇರಲಿಲ್ಲ. ಒಂದು ಕೆಂಪು ಬಾವುಟ, ಎರಡು ಲೋಟ ಚಹಾ, ಬದಿಗೆರೆಯುದ್ದಕ್ಕೂ ಓಡಾಟ. ಕಚೇರಿಯಲ್ಲಿ ಬೆಲ್ಲಾದರೆ ಓಡುವವನಿಗೆ, ತಾನು ಬಾವುಟ ಎತ್ತಿದರೆ ಇಪ್ಪತ್ತೆರಡು ಜನ ನಿಲ್ಲುತ್ತಾರೆ ಎಂಬುದು ಸಣ್ಣ ಸುಖವಲ್ಲ.

ಹದಿನೈದು ವರ್ಷಗಳ ಹಿಂದೆ, ಅದೇ ಮೈದಾನದಲ್ಲಿ, ಜಿಲ್ಲೆಯ ಹುಡುಗಿಯರ ತಂಡವನ್ನು ಆರಿಸುವ ಪಂದ್ಯವಿತ್ತು. ಕುಂಬ್ಡಾಜೆಯಲ್ಲಿ ಬಾಡಿಗೆ ಜೀಪು ಓಡಿಸುವವರೊಬ್ಬರು ಹದಿನಾಲ್ಕರ ಮಗಳನ್ನು ಕರೆತಂದಿದ್ದರು. ರಕ್ಷಣೆಯಲ್ಲಿ ಆಡುವವಳು.

"ಇವತ್ತು ಹೆಸರು ಬಂದ್ರೆ ಆಡ್ಲಿ ಸಾರ್," ಅಂದರು ತಂದೆ. "ಬರ್ಲಿಲ್ಲಾಂದ್ರೆ ಸಾಕು. ಮನೆಯಲ್ಲಿ ಇವಳಮ್ಮನ ಬಾಯಿ ನಂಗೆ ತಡೀಲಿಕ್ಕೆ ಆಗುದಿಲ್ಲ."

ಜೀಪಿನ ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಬಿಗಿಯುತ್ತಿದ್ದ ಹುಡುಗಿ ತಲೆಯೆತ್ತಿದಳು. "ಬರ್ತದೆ ಪಪ್ಪಾ. ಸಾರ್, ನೀವು ನಮ್ಮ ಲೈನ್ ಸರಿಯಾಗಿ ನೋಡಿ, ಆಯ್ತಾ?"

ನನ್ನನ್ನು ಸಾರ್ ಎಂದವರೇ ಕಡಿಮೆ. ನಾನು ಉಬ್ಬಿದೆ.

ನೀವು ಆಟ ನೋಡುವವರಲ್ಲದಿದ್ದರೆ ಒಂದು ಮಾತು ಹೇಳಬೇಕು. ಎದುರಾಳಿ ಚೆಂಡನ್ನು ಮುಂದಕ್ಕೆ ಒದೆಯುವ ಕ್ಷಣಕ್ಕೆ ಸರಿಯಾಗಿ ರಕ್ಷಣೆಯವರು ಒಂದು ಹೆಜ್ಜೆ ಮುಂದೆ ಬಂದುಬಿಟ್ಟರೆ, ಅವರ ಬೆನ್ನ ಹಿಂದೆ ಉಳಿದ ಎದುರಾಳಿ ಆಫ್‌ಸೈಡ್. ಲೈನ್ಸ್‌ಮನ್ ಬಾವುಟ ಎತ್ತಬೇಕು, ಆಟ ನಿಲ್ಲಬೇಕು. ಹೆಜ್ಜೆ ತಡವಾದರೆ ಗೋಲು. ಗಂಡಸರ ತಂಡಗಳೇ ಇದಕ್ಕೆ ಹೆದರುತ್ತಿದ್ದ ಕಾಲದಲ್ಲಿ ಈ ಹುಡುಗಿ ಅಂದು ಮೂರು ಸಲ ಅದನ್ನು ಮಾಡಿದಳು. ಮೂರು ಸಲವೂ ನಾನು ಬಾವುಟ ಎತ್ತಿದೆ.

ಗೆರೆಯ ಪಕ್ಕದಲ್ಲೇ ಅಂದುಂಞಿಯ ಸರ್ಬತ್ತಿನ ಗಾಡಿ. ಅವನು ನನ್ನ ಹಳೆಯ ಸ್ನೇಹಿತ, ಬಾಯಿ ಸುಮ್ಮನಿರದು. ಪಂದ್ಯ ಮುಗಿಯಲು ಐದು ನಿಮಿಷವಿತ್ತು, ಎರಡೂ ಕಡೆ ಗೋಲಿಲ್ಲ.

"ಎಂತ ಮಾರಾಯ, ಹುಡುಗಿಯರ ಆಟಕ್ಕೂ ನಿನ್ನ ಬಾವುಟ ಬೇಕಾ? ಇತ್ತ ಕೊಡು, ಗಾಡಿಯಲ್ಲಿ ನೊಣ ಉಂಟು."

ನಾನು ತಿರುಗಿ, ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡು ಕೈಯಲ್ಲಿ ಚಪ್ಪಾಳೆ ಹೊಡೆದು ನಕ್ಕೆ. ಮತ್ತೆ ಮೈದಾನದ ಕಡೆ ನೋಡಿದಾಗ ಚೆಂಡು ಆಗಷ್ಟೇ ಒದ್ದವಳ ಕಾಲು ಬಿಡುತ್ತಿತ್ತು. ಹುಡುಗಿ ಆಗಲೇ ಮುಂದೆ ಬಂದು ಕೈ ಎತ್ತಿದ್ದಳು. ಅವಳ ಹಿಂದೆ ಎರಡು ಮಾರು ದೂರದಲ್ಲಿ ಎದುರಾಳಿ ಒಬ್ಬಳೇ. ಸ್ಪಷ್ಟವಾಗಿ ಕಂಡೆ. ಕಂಕುಳಿನಿಂದ ಬಾವುಟ ತೆಗೆಯುವಷ್ಟರಲ್ಲಿ ಗೋಲಾಗಿತ್ತು. ಈಗ ಎತ್ತಿದರೆ ನಾನು ಹಲ್ಲು ಕಿಸಿಯುತ್ತಿದ್ದದ್ದು ಎಲ್ಲರಿಗೂ ತಿಳಿಯುತ್ತದೆ. ಎತ್ತಲಿಲ್ಲ.

"ಸಾರ್, ಆಫ್‌ಸೈಡ್!" ಹುಡುಗಿ ಓಡಿ ಬಂದಳು.

"ಅಲ್ಲ. ನೀನು ಬರುವಾಗ ತಡ ಆಯ್ತು."

ಆಯ್ಕೆ ಮಾಡುವ ಮಾಸ್ಟ್ರು ಕೇಳಿದಾಗಲೂ ಅದನ್ನೇ ಹೇಳಿದೆ. ಒಂದು ಸುಳ್ಳಿಗೆ ಬಲ ಬರಲೆಂದು, "ಅವಳಿಗೆ ಟೈಮಿಂಗ್ ಇಲ್ಲ ಸಾರ್" ಎಂದೂ ಸೇರಿಸಿದೆ. ಅವರು ಹೆಸರಿನ ಮೇಲೆ ಗೆರೆ ಎಳೆದರು. ಜೀಪು ಹೋಯಿತು, ಅವಳು ಬೂಟು ಬಿಚ್ಚದೆ ಹಿಂದೆ ಕೂತಿದ್ದಳು.

ಎರಡು ವರ್ಷ ಅವಳನ್ನು ಮನೆಯವರು ಆಡಲು ಬಿಡಲಿಲ್ಲವಂತೆ. ಆಮೇಲೆ ಮಂಗಳೂರಿನ ಕಾಲೇಜು, ವಿಶ್ವವಿದ್ಯಾನಿಲಯದ ತಂಡ, ಗೋವಾದ ಒಂದು ಕ್ಲಬ್ಬು, ತಮಿಳುನಾಡಿನದೊಂದು. ಸಂಬಳಕ್ಕೆ ಆಡುವ ಹೆಂಗಸರು ನಮ್ಮ ಕಡೆ ಎಷ್ಟು ಮಂದಿ? ಪತ್ರಿಕೆಯಲ್ಲಿ ಅವಳ ಚಿತ್ರ ಬಂದಾಗಲೆಲ್ಲ ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ: ಎಂತದೂ ನಷ್ಟವಾಗಲಿಲ್ಲವಲ್ಲ. ಕೊನೆಗೆ ಮೊಣಕಾಲು ಕೈಕೊಟ್ಟು ಆಟ ಬಿಟ್ಟಳೆಂದೂ ಓದಿದೆ.

ಮೊನ್ನೆ ಮೈದಾನದಲ್ಲಿ, ಫುಟ್ಬಾಲ್ ಕಲಿಸುವ ಶಿಬಿರದ ಇಪ್ಪತ್ತು ಹುಡುಗಿಯರ ನಡುವೆ ನಿಂತಿದ್ದವಳು ಅವಳೇ. ಮೊಣಕಾಲಿಗೆ ಕಪ್ಪು ಪಟ್ಟಿ.

"ಸಾರ್, ನೀವಾ! ಕೂದ್ಲೆಲ್ಲ ಎಲ್ಲಿಗೆ ಹೋಯ್ತು?" ಎಂದು ನಕ್ಕು ಮಕ್ಕಳ ಕಡೆ ತಿರುಗಿದಳು. "ನೋಡಿ, ನಂಗೆ ಮೊದಲ ಪಾಠ ಕಲಿಸಿದವರು ಇವರು. ನಿಮ್ಮಷ್ಟಿರುವಾಗ ಮುಂದೆ ಬರ್ಲಿಕ್ಕೆ ತಡ ಮಾಡಿದೆ. ಇವರು ಮುಖಕ್ಕೇ ಹೇಳಿದ್ರು. ನನ್ನ ಕಣ್ಣನ್ನು ನಂಬ್ಲಿಕ್ಕಾಗುದಿಲ್ಲ ಅಂತ ಆವತ್ತೇ ಗೊತ್ತಾಯ್ತು. ಮತ್ತೆ ಎಲ್ಲಿ ಆಡಿದ್ರೂ ಹಿಂದೆಯೇ ನಿಂತೆ, ಓಡಿ ಓಡಿ ತಡೆದೆ."

"ಹಾಗೆ ಓಡಿಯೇ ಕಾಲು ಹೋದದ್ದಾ ಟೀಚರ್?" ಕೇಳಿದಳು ಒಬ್ಬಳು.

"ಹೌದು ಮಾರಾಯ್ತಿ, ಹಾಗೂ ಇರಬಹುದು."

ನಾನು ಬಾಯಿ ತೆರೆದೆ. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲೆ. "ಕಾಲಿಗೆ ಎಣ್ಣೆ ಹಚ್ತೀಯಾ?" ಎಂದಷ್ಟೇ ಹೊರಟಿತು.

ಅಭ್ಯಾಸ ಮತ್ತೆ ಸುರುವಾಯಿತು. ಸಪೂರದ ಹುಡುಗಿಯೊಬ್ಬಳು, ಎದುರಿನವಳು ಚೆಂಡು ಒದೆಯುವ ಕ್ಷಣಕ್ಕೆ ಸರಿಯಾಗಿ ಒಂದು ಹೆಜ್ಜೆ ಮುಂದಿಟ್ಟಳು, ಕೈ ಎತ್ತಿದಳು. ಚಂದದ ಹೆಜ್ಜೆ.

"ಬೇಡ, ಬೇಡ! ಹಿಂದೆ ಬಾ!" ಎಂದು ಟೀಚರ್ ಕೂಗಿದಳು. ಹುಡುಗಿ ಕೈ ಇಳಿಸಿ ಹಿಂದೆ ಸರಿದಳು.

ಪಿಂಚಣಿಯ ಕಾಗದ ಕೊಡದೆ ಮನೆಗೆ ಬಂದವನು ಅಂದಿನಿಂದ ಇದನ್ನು ಬರೆಯುತ್ತಿದ್ದೇನೆ. ನಷ್ಟವಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ಎರಡನೆಯ ಸುಳ್ಳು. ಶಿಬಿರ ಇನ್ನೂ ನಾಲ್ಕು ದಿನ ಉಂಟಂತೆ. ನಾಳೆ ಬೆಳಿಗ್ಗೆ ಹೋಗಿ ಹೇಳುತ್ತೇನೆ. ನಾಲಗೆ ಮತ್ತೆ ಎಣ್ಣೆಯ ಸುದ್ದಿಗೆ ಹೊರಳಿದರೆ, ಈ ಹಾಳೆಗಳನ್ನು ಮಕ್ಕಳೆದುರಿಗೇ ಅವಳ ಕೈಗೆ ಕೊಡುತ್ತೇನೆ. ಆ ದಿನ ನಿನ್ನ ಹೆಜ್ಜೆ ತಡವಾಗಿರಲಿಲ್ಲ. ಕಣ್ಣೂ ತಪ್ಪಿರಲಿಲ್ಲ. ನಾನು ಕಂಡೂ ಇಲ್ಲವೆಂದೆ. ಕ್ಷಮಿಸು, ಜೆಸಿಂತಾ ಕ್ರಾಸ್ತಾ.