ಸಹಾಯ ಬರುವ ಮುನ್ನ ಮೂವತ್ತೆಂಟು ನಿಮಿಷ

ಓರಿನ್ ಬ್ರೆಕ್ಕಿ ಇಪ್ಪತ್ತೆರಡು ವರ್ಷ ಪೊಲೀಸ್ ಡೆಪ್ಯುಟಿಯಾಗಿ ದುಡಿದದ್ದು ಅಮೆರಿಕದ ಪೂರ್ವ ಮೊಂಟಾನಾದ ಹುಲ್ಲುಗಾವಲಿನಲ್ಲಿ. ಅಲ್ಲಿ ಜನರಿಗಿಂತ ದನಗಳೇ ಹೆಚ್ಚು. ಪಾಳಿಗೆ ಇಬ್ಬರೇ ಪೊಲೀಸರು. ಒಬ್ಬ ಉತ್ತರಕ್ಕಿದ್ದರೆ ಇನ್ನೊಬ್ಬ ದಕ್ಷಿಣಕ್ಕೆ. ಹೆಚ್ಚುಕಮ್ಮಿಯಾದರೆ ಒಬ್ಬನ ಬಳಿಗೆ ಇನ್ನೊಬ್ಬ ಬಂದು ಮುಟ್ಟಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಇರುವವನು ಒಬ್ಬನೇ.

ಇದರ ಅರ್ಥ ಅವನಿಗೆ ಆದದ್ದು ಹನ್ನೊಂದು ವರ್ಷದ ಹಿಂದೆ. ಜೊತೆಗಾರ ನೀಲ್ ಹೋವ್ಡಾ ಹಿಂದಿನ ದೀಪ ಒಡೆದ ಕಾರೊಂದನ್ನು ತಡೆದು, ದಂಡದ ಪುಸ್ತಕವನ್ನು ಬಲಗೈಯಲ್ಲಿ ಹಿಡಿದು ನೇರವಾಗಿ ಚಾಲಕನ ಕಿಟಕಿಗೆ ನಡೆದುಹೋಗಿದ್ದ. ಅದು ಕದ್ದ ಕಾರು. ನೀಲನ ಕೈ ಸೊಂಟದ ಪಿಸ್ತೂಲಿಗೆ ಹೋಗುವಷ್ಟರಲ್ಲಿ ಒಳಗಿನಿಂದ ಗುಂಡು ಹಾರಿ ಎಲ್ಲ ಮುಗಿದಿತ್ತು. ಓರಿನ್ ಬಂದು ಮುಟ್ಟಿದಾಗ ಪುಸ್ತಕದ ಹಾಳೆಗಳು ಗಾಳಿಗೆ ಪಟಪಟಿಸುತ್ತಿದ್ದವು.

ಅಂದಿನಿಂದ ಓರಿನ್ ಬಲಗೈಯಲ್ಲಿ ಏನನ್ನೂ ಹಿಡಿಯಲಿಲ್ಲ. ಕಾಫಿ ಲೋಟ, ಅಂಗಡಿಯ ಚೀಲ, ಕೊನೆಗೆ ಹೆಂಡತಿ ಕಾರ್ಲಾಳ ಕೈ ಕೂಡ. ಹೋಟೆಲಿಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಿದ್ದ. ಅವಳು ಮಾತಾಡುತ್ತಿದ್ದರೆ ಅವನ ಕಣ್ಣು ಒಳಗೆ ಬಂದವರ ಕೈಮೇಲೆ.

"ನಾನು ಇಲ್ಲಿದೀನಿ ಕಣೋ, ನನ್ನ ಮುಖ ನೋಡು," ಎಂದಿದ್ದಳು ಒಮ್ಮೆ.

"ನೋಡ್ತಾನೇ ಇದೀನಲ್ಲ."

"ಇಲ್ಲ. ನೀನು ಆ ಲಾರಿ ಡ್ರೈವರ್ ಜೇಬು ನೋಡ್ತಿದೀಯ."

ಮೂರು ವರ್ಷದ ಹಿಂದೆ ಅವಳು ಬಿಲ್ಲಿಂಗ್ಸ್ ಪಟ್ಟಣಕ್ಕೆ ಹೋದಳು. ಜಗಳವೇನೂ ಆಗಲಿಲ್ಲ. ಪೆಟ್ಟಿಗೆಗಳನ್ನು ಅವನೇ ಗಾಡಿಗೇರಿಸಿಕೊಟ್ಟ, ಒಂದೊಂದಾಗಿ, ಎಡಗೈಯಲ್ಲಿ.

ಅಕ್ಟೋಬರಿನ ಒಂದು ಮಧ್ಯಾಹ್ನ, ಊರಿಂದ ಮೂವತ್ತು ಮೈಲಿ ಆಚೆ, ಹಳೆಯ ಬಿಳಿ ಪಿಕಪ್ ಒಂದು ರಸ್ತೆಯ ನಟ್ಟನಡುವೆ ಆಮೆಯ ಹಾಗೆ ತೆವಳುತ್ತಿತ್ತು. ಓರಿನ್ ತನ್ನ ಪೊಲೀಸ್ ಕಾರಿನ ಮೇಲಿನ ದೀಪ ಹಾಕಿದ ಕೂಡಲೇ ಅದು ಪಕ್ಕಕ್ಕೆ ಸರಿದು ನಿಂತಿತು. ನಿಲ್ಲಿಸಲಿ ಎಂದು ಕಾದಿದ್ದವರ ಹಾಗೆ ಬೇಗ ನಿಂತಿತು. ಅದು ಅವನಿಗೆ ಹಿಡಿಸಲಿಲ್ಲ. ರೇಡಿಯೋದಲ್ಲಿ ಗಾಡಿಯ ನಂಬರು ಹೇಳಿದ. ತನ್ನ ಕಾರನ್ನು ಎರಡು ಗಾಡಿಯಷ್ಟು ಹಿಂದೆ ಓರೆಯಾಗಿ ನಿಲ್ಲಿಸಿದ; ಏನಾದರೂ ಆದರೆ ಇಂಜಿನ್ನೇ ಅಡ್ಡಗೋಡೆ. ಇಳಿದು, ಚಾಲಕ ಕೂರುವ ಎಡಬದಿಯನ್ನು ಬಿಟ್ಟು, ತನ್ನ ಕಾರಿನ ಹಿಂದಿನಿಂದ ಸುತ್ತಿ ಬಲಬದಿಯಿಂದ ಹೋದ.

ಒಳಗಿದ್ದ ಮುದುಕ ಎಡಗನ್ನಡಿಯನ್ನೇ ನೋಡುತ್ತಿದ್ದ. ಎಡಗೈ ಸ್ಟಿಯರಿಂಗಿನ ಮೇಲೆ. ಬಲಗೈ ತೊಡೆಯ ಮೇಲಿದ್ದ ಟೋಪಿಯ ಕೆಳಗೆ. ಟೋಪಿಯ ಅಂಚಿನಿಂದ ಪಿಸ್ತೂಲಿನ ನಳಿಗೆ ಬೆರಳಷ್ಟು ಆಚೆ ಚಾಚಿತ್ತು.

ಓರಿನ್ ಕೂಗಲಿಲ್ಲ. ತನ್ನ ಪಿಸ್ತೂಲು ಸೆಳೆದು, ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ತನ್ನ ಕಾರಿನ ಇಂಜಿನ್ನಿನ ಮರೆಗೆ ಕೂತ.

ಕಂಟ್ರೋಲ್ ರೂಮಿನಿಂದ ವರ್ನಾಳ ದನಿ ಬಂತು. "ಗಾಡಿ ಲೈಲ್ ಹೆಗ್‌ಸ್ಟಡ್‌ದು ಕಣಪ್ಪ. ಪಾಪದ ಮನುಷ್ಯ. ಏಪ್ರಿಲ್‌ನಲ್ಲಿ ಹೆಂಡ್ತಿ ತೀರ್ಕೊಂಡ್ಳು. ಹೋದ ತಿಂಗ್ಳು ದನಾನೆಲ್ಲ ಮಾರ್ಬಿಟ್ಟ."

"ಕೈಲಿ ಪಿಸ್ತೂಲಿದೆ ವರ್ನಾ. ಟೆಡ್ ಎಲ್ಲಿದಾನೆ?" ಟೆಡ್ ಅಂದಿನ ಪಾಳಿಯ ಇನ್ನೊಬ್ಬ ಪೊಲೀಸ್.

"ಹೊರಟ. ಮೂವತ್ತೆಂಟು ನಿಮಿಷ ಅಂದ. ನೀನು ಅಲ್ಲಿಂದ ಅಲ್ಲಾಡ್ಬೇಡ, ಕೇಳಿಸ್ತಾ?"

ಓರಿನ್ ಕಾರಿನ ಧ್ವನಿವರ್ಧಕದ ಮೈಕನ್ನು ಎಡಗೈಗೆ ತೆಗೆದುಕೊಂಡ. "ಯಜಮಾನ್ರೇ, ನಾನು ಡೆಪ್ಯುಟಿ ಬ್ರೆಕ್ಕಿ. ಟೋಪಿ ಕೆಳಗಿರೋದನ್ನ ನೋಡ್ದೆ. ಅದನ್ನ ಅಲ್ಲೇ ಸೀಟ್ ಮೇಲೆ ಬಿಟ್ಟು ಎರಡೂ ಕೈ ಕಿಟಕಿಯಾಚೆ ಇಡಿ."

ಬಾಗಿಲು ತೆರೆಯಿತು. ಮುದುಕ ಪಿಸ್ತೂಲಿನ ಸಮೇತವೇ ಇಳಿದು ರಸ್ತೆಯಲ್ಲಿ ನಿಂತ. ನಳಿಗೆ ನೆಲ ನೋಡುತ್ತಿತ್ತು.

"ಇನ್ನೇನ್ ನೋಡ್ತೀಯ? ಗುಂಡು ಹಾರ್ಸು! ಅದಕ್ಕೇ ತಾನೇ ನಿಂಗೆ ಸಂಬಳ ಕೊಡೋದು?"

"ನಂಗೇನ್ ಅವಸರ ಇಲ್ಲ ಲೈಲ್. ಸಂಜೆವರೆಗೂ ಇಲ್ಲೇ ಕೂತಿರ್ತೀನಿ."

"ಮನೆಗೆ ಹೋಗಲ್ವಾ? ಊಟಕ್ಕೆ ಯಾರೂ ಕಾಯ್ತಿರಲ್ವಾ?"

"ಯಾರೂ ಕಾಯಲ್ಲ." ಮೈಕಿನಲ್ಲಿ ಆ ಮಾತು ಬಯಲಿನ ತುಂಬ ಕೇಳಿಸಿತು. ಓರಿನ್‌ಗೆ ನಾಚಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ. "ನಿನ್ನೆ ಡಬ್ಬಿ ಸೂಪ್ ಬಿಸಿ ಮಾಡ್ಕೊಂಡು ಸಿಂಕ್ ಹತ್ರ ನಿಂತೇ ಕುಡ್ದೆ."

"ನಿಂತ್ಕೊಂಡಾ?"

"ಕೂತ್ರೆ ಎದುರಿನ ಕುರ್ಚಿ ಕಣ್ಣಿಗೆ ಬೀಳತ್ತೆ."

ಮುದುಕ ಯಾರಿಗೋ ದೂರು ಹೇಳುವ ಹಾಗೆ, "ನನ್ನ ಹೆಂಡ್ತಿ ಮಾರೆನ್‌ದು ಕುರ್ಚೀನ ನಾನು ಕೊಟ್ಟಿಗೇಲಿಟ್ಟೆ. ಅಲ್ಲೂ ಕಾಣತ್ತೆ," ಎಂದ. ಅವನು ಅಳತೊಡಗಿದ.

ಓರಿನ್‌ಗೆ ಎದ್ದು ಹೋಗಿ ಅವನನ್ನು ಹಿಡಿದುಕೊಳ್ಳಬೇಕೆನಿಸಿತು. ಮೊಣಕಾಲು ತಾನಾಗಿಯೇ ಮೇಲೇಳಲು ನೋಡಿತು. ಆದರೆ ಪಿಸ್ತೂಲು ಇನ್ನೂ ಮುದುಕನ ಕೈಯಲ್ಲಿತ್ತು. ಅಳುವವನ ಬೆರಳೂ ಟ್ರಿಗರ್ ಅದುಮಬಲ್ಲ ಬೆರಳೇ. ಓರಿನ್ ಮರೆ ಬಿಟ್ಟು ಕದಲಲಿಲ್ಲ. ಕುದುರೆ, ಮಳೆ, ಮಾರಿದ ದನ ಎಂದು ತೋಚಿದ್ದನ್ನೆಲ್ಲ ಎತ್ತಿ ಅವನನ್ನು ಮಾತಾಡಿಸಿದ. ನಡುವೆ ಮುದುಕ ಎರಡು ಸಲ ಒಂದೊಂದು ಹೆಜ್ಜೆ ಮುಂದಿಟ್ಟ. ಎರಡು ಸಲವೂ ಓರಿನ್‌ನ ಬೆರಳು ಬಿಗಿಯಿತು, ಎರಡು ಸಲವೂ "ಬೇಡ ಲೈಲ್, ಅಲ್ಲೇ ನಿಲ್ಲು" ಎಂದು ಗಟ್ಟಿಯಾಗಿ ಹೇಳಿ ನಿಲ್ಲಿಸಿದ.

ದೂರದಲ್ಲಿ ಟೆಡ್‌ನ ಕಾರಿನ ದೂಳು ಕಂಡಾಗ ಲೈಲ್ ತಾನಾಗಿಯೇ ಬಗ್ಗಿ ಪಿಸ್ತೂಲನ್ನು ರಸ್ತೆಯ ಮೇಲಿಟ್ಟ. ಓರಿನ್ ಹೇಳಿದಂತೆ ಕೈ ಮೇಲೆತ್ತಿ, ಬೆನ್ನು ತಿರುಗಿಸಿ, ದನಿ ಬಂದ ಕಡೆಗೆ ಹಿಮ್ಮುಖವಾಗಿ ನಡೆದು ಬಂದ. ಬೇಡಿ ಹಾಕುವಾಗ ಓರಿನ್‌ಗೆ ಆ ಮಣಿಕಟ್ಟುಗಳು ಎಷ್ಟು ತಣ್ಣಗಿವೆ ಎಂದು ಗೊತ್ತಾಯಿತು. ಟೆಡ್ ಪಿಸ್ತೂಲು ಬಿಚ್ಚಿ ನೋಡಿದ. ಐದು ಗುಂಡು.

"ನಿನ್ನ ಹೊಡೀತಿರ್ಲಿಲ್ಲಪ್ಪ ನಾನು," ಎಂದ ಲೈಲ್. "ನಂಬ್ತೀಯಾ?"

"ಗೊತ್ತಿಲ್ಲ," ಎಂದ ಓರಿನ್. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಕಾರಿನಿಂದ ತನ್ನ ಕೋಟು ತಂದು ಮುದುಕನ ಹೆಗಲಿಗೆ ಹಾಕಿದ.

ಲೈಲ್ ಮಾನಸಿಕ ಚಿಕಿತ್ಸೆಗೆಂದು ಆರು ವಾರ ಆಸ್ಪತ್ರೆಯಲ್ಲಿದ್ದು, ಆಮೇಲೆ ಡಕೋಟಾದಲ್ಲಿದ್ದ ತಂಗಿಯ ಮನೆಗೆ ಹೋದ. ಕೋಟನ್ನು ಒಗೆಸಿ ಅಂಚೆಯಲ್ಲಿ ಕಳಿಸಿದ, ಚೀಟಿ ಇರಲಿಲ್ಲ. ಪೊಲೀಸ್ ತರಬೇತಿ ಶಾಲೆಯವರು ಓರಿನ್‌ನನ್ನು ಕರೆಸಿದರು. ಹೊಸಬರಿಗೆ ಅವನು ಕಾರು ನಿಲ್ಲಿಸುವ ರೀತಿ, ಬಲಬದಿಯ ದಾರಿ, ಎದುರಿನವರ ಕೈಮೇಲೆ ಕಣ್ಣಿಡುವುದು, ಎಲ್ಲಕ್ಕಿಂತ ಹೆಚ್ಚಾಗಿ ಹಿಂದೆ ಸರಿಯುವುದನ್ನು ಹೇಳಿಕೊಟ್ಟ. "ಮುಂದೆ ನುಗ್ಗೋದು ಎಲ್ರಿಗೂ ಬರತ್ತೆ," ಎಂದ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಆಮೇಲೆ ಯಾರ ಹತ್ರ ಹೇಳ್ಕೊಂಡ್ರಿ ಸರ್?"

"ವರದಿ ಬರೆದೆನಲ್ಲ," ಎಂದ ಓರಿನ್. ತರಗತಿ ನಕ್ಕಿತು. ಅವಳು ನಗಲಿಲ್ಲ.

ಅಂದು ಊರಿಗೆ ಮರಳುವಾಗ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಕಾರ್ಲಾಗೆ ಫೋನ್ ಮಾಡಿದ. ಮೊದಲಿನಿಂದ ಕೊನೆಯವರೆಗೆ ಹೇಳಿದ, ಸೂಪಿನ ವಿಷಯವನ್ನೂ.

ಕೊನೆಗೆ, "ಮನೇಲಿದ್ದಾಗ ಒಂದಿನಾನೂ ಇಷ್ಟು ಮಾತಾಡಿರ್ಲಿಲ್ಲ ನೀನು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಳ್ಳೇ ಕೆಲಸ ಮಾಡ್ದೆ ಓರಿನ್. ನಂಗೆ ಡ್ಯೂಟಿಗೆ ಹೊತ್ತಾಯ್ತು, ಇಡ್ಲಾ?"

"ಇಡು," ಎಂದ. ಅವಳು ಇಟ್ಟ ಮೇಲೂ ಸ್ವಲ್ಪ ಹೊತ್ತು ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು, ಬಂಕಿನ ಆಚೆಗಿನ ಬೋಳು ಬಯಲನ್ನು ನೋಡುತ್ತ ಕೂತಿದ್ದ.