ಕಮಲಾಪುರದಿಂದ ಒಯ್ದ ಚೀಲ

ನಾನು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹೋದ ವರ್ಷ ನಮ್ಮ ವಾರ್ಡಿಗೆ ಎದೆನೋವು ಅಂತ ಒಬ್ಬ ಬಂದು ಸೇರಿದ. ಕಟ್ಟಡಗಳಿಗೆ ಟೈಲ್ಸ್ ಕೂಡಿಸುವ ಕೆಲಸದವನು, ನಲವತ್ತರ ಆಚೀಚಿನ ವಯಸ್ಸು, ಬೆರಳ ಸಂದಿಯಲ್ಲಿ ಇನ್ನೂ ಸಿಮೆಂಟಿನ ಬಿಳುಪು. ನಾನು ಬಾಗಿಲ ಹತ್ತಿರ ನಿಂತು ಮನೆಗೆ ಫೋನ್ ಮಾಡುತ್ತಿದ್ದುದು ಅವನ ಕಿವಿಗೆ ಬಿದ್ದಿತ್ತು. ಫೋನ್ ಇಟ್ಟು ಒಳಗೆ ಬಂದೊಡನೆ, "ಅಕ್ಕಾ, ನೀವು ಗುಲಬರ್ಗಾದೋರೇನ್ರಿ?" ಅಂದ.

ಆತ ಕಮಲಾಪುರದವನು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿ, ಹಸಿರು ಬಣ್ಣದ ಬಾಗಿಲು ಅಂತೆಲ್ಲ ಹೇಳಿದ. ಮೂರು ದಿನ ನಮ್ಮಿಬ್ಬರದು ಬರೀ ಊರಿನ ಮಾತೇ. ಮೂರನೆಯ ದಿನ ಮಧ್ಯಾಹ್ನ ನಾನು ಔಷಧ ಕೊಡಲು ಹೋದಾಗ ಆತ ಹೇಳಿದ: "ಅಕ್ಕಾ, ನನ್ನ ಫೋನ್ ರೂಮಿನ್ಯಾಗ ಉಳಿದದ. ಮನಿಗಿ ಒಂದ್ ಫೋನ್ ಹಚ್ಚಿ ಕೊಡ್ತೀರೇನು? ಯಾಕೋ ಆಕಿ ಜೋಡಿ ಮಾತಾಡಬೇಕು ಅನಿಸಾಕತ್ತದ."

ಅಂದು ವಾರ್ಡಿನಲ್ಲಿ ಇಬ್ಬರ ಕೆಲಸ ನನ್ನೊಬ್ಬಳ ಮೇಲಿತ್ತು. "ಡ್ಯೂಟಿ ಮುಗಿದ ಮ್ಯಾಲ ಹಚ್ಚಿ ಕೊಡ್ತೀನಿ, ಅಲ್ಲೀತನಕ ಮಲಕೋರಿ" ಅಂದೆ. ಆತ ತಲೆ ಅಲ್ಲಾಡಿಸಿದ, ನಕ್ಕ ಕೂಡ. ಡ್ಯೂಟಿ ಮುಗಿಯುವ ಮೊದಲೇ, ಐದು ಗಂಟೆಯ ಹೊತ್ತಿಗೆ, ಆತನ ಎದೆಬಡಿತ ತೋರಿಸುವ ಯಂತ್ರ ಕೂಗಿತು. ನಾವು ಆರು ಮಂದಿ ಸೇರಿ ಮಾಡುವುದನ್ನೆಲ್ಲ ಮಾಡಿದೆವು. ಆತ ಉಳಿಯಲಿಲ್ಲ.

ಊರಿಗೆ ಕಳಿಸುವುದು ತಡವಾಗುತ್ತದೆ ಅಂತ ಮನೆಯವರು ಒಪ್ಪಿ ಅಲ್ಲೇ ಮಣ್ಣು ಮಾಡಿಸಿದರು. ಆಮೇಲೆ ಆ ಮಂಚಕ್ಕೆ ಎಷ್ಟೋ ಜನ ಬಂದರು, ಹೋದರು. ಆದರೆ ಅದರ ಮಗ್ಗುಲಿಂದ ಹಾದಾಗಲೆಲ್ಲ "ಅಕ್ಕಾ" ಅನ್ನುವ ದನಿ ಬೆನ್ನಿಗೆ ಬಂದು ತಾಗುತ್ತಿತ್ತು. ತಿರುಗಿ ನೋಡಿದರೆ ಮಲಯಾಳಿ ಮುದುಕನೋ, ಅರಬ ಹುಡುಗನೋ ಮಲಗಿರುತ್ತಿದ್ದ. ಎಷ್ಟು ಸಲ ಮೋಸಹೋದರೂ ತಿರುಗಿ ನೋಡುವುದು ಮಾತ್ರ ಬಿಡಲಾಗಲಿಲ್ಲ. ಫೈಲಿನಿಂದ ಆತನ ಮನೆಯ ನಂಬರು ಬರೆದುಕೊಂಡಿದ್ದೆ. ಐದು ತಿಂಗಳು ಅದು ನನ್ನ ಪರ್ಸಿನಲ್ಲೇ ಇತ್ತು.

ಈ ಸಲ ರಜೆಗೆ ಬಂದವಳು ಕಡೆಯ ವಾರದತನಕ ಸುಮ್ಮನಿದ್ದೆ. ಗುಲಬರ್ಗಾದ ಶಹಾಬಜಾರದ ನಮ್ಮ ಮನೆಯಲ್ಲಿ ನನ್ನ ಚೀಲ ಕಟ್ಟುವವಳು ಅಣ್ಣನ ಹೆಂಡತಿ, ನನ್ನ ವೈನಿ. ಪಡಸಾಲೆ ತುಂಬ ಹರವಿಕೊಂಡು ಕೂತಿದ್ದಳು: ನಂದೂರ ಮಿಲ್ಲಿನ ತೊಗರಿಬೇಳೆ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಖಡಕ್ ರೊಟ್ಟಿ, ನಾವು ಹಿಂಡಿ ಅನ್ನುವ ಅಗಸಿಯ ಚಟ್ನಿಪುಡಿ, ಹುಣಸೆಹಣ್ಣು. ಅದನ್ನೆಲ್ಲ ನೋಡುತ್ತ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನ ಬೆಳಿಗ್ಗೆ ಕಮಲಾಪುರದ ಬಸ್ಸು ಹತ್ತಿದೆ.

ಹಸಿರು ಬಾಗಿಲು ಕೇಳದೆಯೇ ಸಿಕ್ಕಿತು. ತೆರೆದವಳು ಸಣ್ಣ ಮೈಕಟ್ಟಿನ ಹೆಂಗಸು, ತಲೆಯ ಮೇಲೆ ಸೆರಗು. ನಾನು ಯಾರು, ಎಲ್ಲಿಂದ ಬಂದೆ ಅಂತ ಹೇಳಿದೆ. ಆಕೆ ಅಳಲಿಲ್ಲ. ಚಾಪೆ ಹಾಸಿದಳು, ನೀರು ಕೊಟ್ಟಳು, ತಟ್ಟೆಯಲ್ಲಿ ಎರಡು ಕೆಂಪು ಬಾಳೆಹಣ್ಣು ತಂದಿಟ್ಟಳು. ಆಮೇಲೆ ಎದುರಿಗೆ ಕೂತು ಕೇಳಿದಳು.

"ಕೊನಿಗಿ ಏನಂದ್ರು ಅಕ್ಕಾ?"

ಬಸ್ಸಿನಲ್ಲಿ ಬರುವಾಗ ಒಂದು ಸುಳ್ಳು ಹೊಂದಿಸಿಕೊಂಡಿದ್ದೆ. ನಿದ್ದೆಯಲ್ಲಿದ್ದರು, ಏನೂ ಅನ್ನಲಿಲ್ಲ ಅನ್ನುವುದು. ಆಕೆಯ ಮುಖ ನೋಡಿದ ಮೇಲೆ ಅದು ಬಾಯಿಗೆ ಬರಲಿಲ್ಲ. ಇದ್ದದ್ದನ್ನೇ ಹೇಳಿದೆ. ಫೋನ್ ಕೇಳಿದರು, ನಾನು ಆಮೇಲೆ ಅಂದೆ, ಆ 'ಆಮೇಲೆ' ಬರಲೇ ಇಲ್ಲ.

ಆಕೆ ಬಾಳೆಹಣ್ಣಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. ಹೊರಗೆ ಯಾರದೋ ಟಂಟಂ ಗಾಡಿ ಶುರುವಾಗದೆ ಕೆಮ್ಮುತ್ತಿತ್ತು.

"ಅವತ್ತ ಮುಂಜಾನಿಂದ ಇಲ್ಲಿ ಕರೆಂಟ್ ಇರಲಿಲ್ಲ. ನನ್ನ ಫೋನ್ ಬಂದ್ ಬಿದ್ದಿತ್ತು" ಅಂದಳು. "ನೀವು ಹಚ್ಚಿದ್ರೂ ಹತ್ತತಿರಲಿಲ್ಲ. ಮನಸ್ಸಿಗಿ ಹಚ್ಕೋಬ್ಯಾಡ್ರಿ."

ಅದು ನಿಜವೋ, ನನಗೋಸ್ಕರ ಹೇಳಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಎದ್ದು ಒಳಗೆ ಹೋದಾಕೆ ಒಂದು ಬಟ್ಟೆಯ ಚೀಲ ತಂದಳು. ಅದರಲ್ಲಿ ಶೇಂಗಾ ಹಿಂಡಿಯ ದೊಡ್ಡ ಸ್ಟೀಲ್ ಡಬ್ಬಿ, ಇನ್ನೂ ಮಡಿಕೆ ಬಿಚ್ಚದ ನೀಲಿ ಚೌಕಳಿಯ ಲುಂಗಿ. ದವಾಖಾನೆ ಸೇರುವ ಮೊದಲು ಆತ ಅವೆರಡನ್ನು ಕಳಿಸಲು ಹೇಳಿದ್ದನಂತೆ. ಮಸ್ಕತ್ತಿಗೆ ಒಯ್ಯಬೇಕಾಗಿದ್ದವರ ಪ್ರಯಾಣ ಮುಂದೆ ಬಿತ್ತು, ಅಷ್ಟರಲ್ಲಿ ಆತನೇ ಇಲ್ಲವಾದ.

ಡಬ್ಬಿಯ ಮುಚ್ಚಳ ತೆಗೆದೆ. ಈಗಷ್ಟೇ ಕುಟ್ಟಿದ ಹಿಂಡಿಯ ಬೆಳ್ಳುಳ್ಳಿ ವಾಸನೆ. ಐದು ತಿಂಗಳ ಹಿಂದಿನದು ಹೀಗಿರುವುದು ಸಾಧ್ಯವಿಲ್ಲ.

"ಇದು ಹೊಸಾದು?"

"ಹಿಂಡಿ ಕಮಟ ಆಗ್ತದಲ್ರಿ. ತಿಂಗಳಿಗೊಮ್ಮಿ ಹಳೀದು ತಗದು ಹೊಸಾದು ಕುಟ್ಟಿ ತುಂಬ್ತೀನಿ." ತಲೆ ಎತ್ತದೆ ಮುಂದುವರಿಸಿದಳು. "ಕನಸಿನ್ಯಾಗ ಬರ್ತಾರ ಅಕ್ಕಾ. ಬಂದು ಬಾಗಿಲದಾಗ ನಿಂದರ್ತಾರ, ಒಳಗ ಬರಂಗಿಲ್ಲ. ಕಟ್ಟಿ ಇಟ್ಟಿಯೇನು ಅಂತ ಕೇಳ್ತಾರ. ಕಟ್ಟೀನಿ ಅಂದ್ರ ಹೋಗ್ತಾರ."

ಹೊರಡುವಾಗ ಚೀಲ ನನ್ನ ಕೈಗೆ ಕೊಟ್ಟಳು. "ಅವರ ಜೋಡಿ ರೂಮಿನ್ಯಾಗ ಇದ್ದೋರು ಅವರಿಗಿ ಹೆಗಲ ಕೊಟ್ಟಾರ. ಆ ರೂಮಿನೋರಿಗೇ ಮುಟ್ಟಿಸ್ರಿ." ಅವರಲ್ಲಿ ಒಬ್ಬರ ನಂಬರೂ ಕೊಟ್ಟಳು.

ಮನೆಗೆ ಬಂದು ನನ್ನ ಬೇಳೆ, ಹುಣಸೆ ತೆಗೆದಿಟ್ಟು ಆ ಚೀಲ ತುಂಬಹೋದೆ. ಯಾರದೆಂದು ಕೇಳಿದ ವೈನಿ, ಹೇಳಿದೊಡನೆ ಕೈ ಹಿಂದಕ್ಕೆ ಎಳೆದುಕೊಂಡಳು.

"ಬುದ್ಧಿ ಅದಾ ಇಲ್ಲಾ ನಿನಗ? ಸತ್ತವರ ಸಾಮಾನು ಪರದೇಶಕ್ಕ ಒಯ್ತಾರೇನು? ಒಬ್ಬಾಕಿನೇ ಇರಾಕಿ ನೀನು. ಅಲ್ಲಿ ಏನರ ಬೆನ್ನ ಹತ್ತಿದ್ರ?"

"ಬೆನ್ನ ಹತ್ತೇ ಐದು ತಿಂಗಳಾತು ವೈನಿ" ಅಂದೆ. ಅಲ್ಲಿಯವರೆಗೆ ಯಾರಿಗೂ ಹೇಳದ್ದನ್ನು ಬೇಳೆ ಡಬ್ಬಿಗಳ ನಡುವೆ ಕೂತು ಅವಳಿಗೆ ಹೇಳಿದೆ. ಕೇಳಿ ಮುಗಿದ ಮೇಲೆ ಅವಳೇ ಚೀಲವನ್ನು ತನ್ನತ್ತ ಎಳೆದುಕೊಂಡಳು. ಹಿಂಡಿಯ ಎಣ್ಣೆ ಬಟ್ಟೆಗೆ ಇಳಿಯದಂತೆ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ರೊಟ್ಟಿಗಳ ನಡುವೆ ಅಲುಗದ ಹಾಗೆ ಕೂಡಿಸಿದಳು.

ಮಸ್ಕತ್ ಮುಟ್ಟಿದ ಮೊದಲ ಶುಕ್ರವಾರ ಆ ನಂಬರಿಗೆ ಫೋನ್ ಮಾಡಿದೆ. ಬೀದರ ಕಡೆಯ ಒಬ್ಬ ಹಿರಿಯರು ಬಂದು ತಮ್ಮ ರೂಮಿಗೆ ಕರೆದೊಯ್ದರು. ಒಂದೇ ಕೋಣೆ, ಮೇಲೊಂದು ಕೆಳಗೊಂದು ಜೋಡಿಸಿದ ಮಂಚಗಳು, ಆರು ಜನ. ನಾನು ಡಬ್ಬಿ ತೆಗೆದೆ. ಅನ್ನ ಆಗಿತ್ತು. ಹಿಂಡಿ, ಎಣ್ಣೆ ಹಾಕಿ ಕಲಸಿಕೊಂಡು ನೆಲದ ಮೇಲೆ ಸುತ್ತ ಕೂತು ಉಂಡರು. ಹಿರಿಯರು ಎರಡು ತುತ್ತಿನ ಮೇಲೆ ಎದ್ದು ಮುಖ ತೊಳೆಯಲು ಹೋಗಿ ತಡವಾಗಿ ಬಂದರು.

ಕಿಟಕಿಯ ಹತ್ತಿರದ ಕೆಳಗಿನ ಮಂಚ ಆತನದಂತೆ. ಅಲ್ಲಿಗೆ ಈಗ ಬೇರೊಬ್ಬ ಬಂದಿದ್ದ. ಒಡಿಶಾದವನು, ಮೀಸೆ ಚಿಗುರಿದ ವಯಸ್ಸು, ಯಾರ ಊಟ ಉಣ್ಣುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಲುಂಗಿ ಯಾರಿಗೆ ಅನ್ನುವ ಮಾತು ಬಂದಾಗ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಹಿರಿಯರು ಅದನ್ನು ಅವನ ಮಡಿಲಲ್ಲಿಟ್ಟರು. "ಊರಿಂದ ಬಂದದ, ಉಟ್ಕೋ" ಅಂತ ಹಿಂದಿಯಲ್ಲಿ ಹೇಳಿದರು. ಅವನಿಗೆ ಬಹಳ ಸಂತೋಷವಾಯಿತು. ಬಚ್ಚಲಿಗೆ ಹೋಗಿ ಉಟ್ಟುಕೊಂಡೇ ಬಂದ. ಬಂದು ನಮಗೆ ಬೆನ್ನು ಮಾಡಿ ಕಿಟಕಿಯ ಬೆಳಕಿನಲ್ಲಿ ನಿಂತ. ನೀಲಿ ಚೌಕಳಿ, ಸ್ವಲ್ಪ ಬಾಗಿದ ಹೆಗಲು. ಅವನು ಇತ್ತ ತಿರುಗುವತನಕ ಅಲ್ಲಿ ನಿಂತಿದ್ದುದು ಆತನೇ ಅನಿಸಿತು.

ನಾಲ್ಕು ದಿನದ ಮೇಲೆ ಕಮಲಾಪುರದಿಂದ ಆಕೆಯ ಫೋನ್ ಬಂತು. ಡಬ್ಬಿ ಮುಟ್ಟಿತು, ಎಲ್ಲರೂ ಉಂಡರು ಅಂತ ಹೇಳಿದೆ. ಲುಂಗಿಯ ಸಂಗತಿಯನ್ನೂ ಹೇಳಿದೆ.

"ಕನಸಿನ್ಯಾಗ ಬಂದಿದ್ರೇನ್ರಿ?" ಅಂತ ಕೇಳಿದೆ.

"ಇಲ್ಲ. ನಾಲ್ಕ್ ದಿನ ಆತು" ಅಂದಳು. ಆ ದನಿಯಲ್ಲಿ ನೆಮ್ಮದಿಗಿಂತ ಹೆಚ್ಚಾಗಿ, ಮನೆ ಖಾಲಿಯಾದವರ ಬೆರಗು ಇತ್ತು. ಆಮೇಲೆ ಆಕೆಯೇ ಕೇಳಿದಳು. "ಆ ಮಂಚದ ಮ್ಯಾಲ ಈಗ ಮಲಗಾಂವ, ಅವನ ಮನಿಯಾಗ ಯಾರ್ಯಾರು ಅದಾರ? ದಿನಾ ಫೋನ್ ಮಾಡ್ತಾನಂತೇನು?"

ನನಗೆ ಗೊತ್ತಿರಲಿಲ್ಲ. ನಾನು ಅವನ ಹೆಸರನ್ನೂ ಕೇಳಿರಲಿಲ್ಲ.